ಹಳೆಯ ಆಟ, ಹಳೆಯ ಕಡತ, ಕಿವಿಯ ಓದು



ದತ್ತಿ ಉಪನ್ಯಾಸ ಅಂದರೆ ನಮ್ಮ ಕಡೆ ವಚನ, ಇಲ್ಲವೇ ದಾಸಸಾಹಿತ್ಯ. ಮಾನ್ವಿಯ ಜಗನ್ನಾಥದಾಸರ ಸೀಮೆಯಲ್ಲಿ ಅದು ಹಾಗಿರುವುದೇ ಸರಿ. ಹಳೆಯ ಕಂಪ್ಯೂಟರ್ ಆಟಗಳ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ತುಸು ಯೋಚಿಸಿ, "ಆಗ್ಲಿ ಸರ್, ಹುಡುಗ್ರಾದ್ರೂ ಬರ್ತಾರ" ಅಂದರು. ಹುಡುಗರು ಬಂದಿದ್ದಾರೆ, ಸಂತೋಷ. ಹಿರಿಯರು ಬೇಸರಪಡಬೇಕಿಲ್ಲ, ಆಟದಿಂದ ಹೊರಟರೂ ನಾನು ಬಂದು ಸೇರುವುದು ನಿಮ್ಮ ಪುಸ್ತಕಗಳ ಹತ್ತಿರಕ್ಕೇ.

ನಾನು ಕಿವಿಯಿಂದ ಓದುವವನು. ಈಗಲೂ ಒಂದು ಕಿವಿಯಲ್ಲಿ ಇಯರ್‌ಫೋನ್ ಇದೆ, ಟಿಪ್ಪಣಿ ಅದರಲ್ಲೇ ಬರುತ್ತಿದೆ. ಓದುತ್ತಿರುವ ಧ್ವನಿ ಇ-ಸ್ಪೀಕ್. ಬ್ರಿಟನ್ನಿನ ಜೊನಾಥನ್ ಡಡಿಂಗ್ಟನ್ 1995ರಲ್ಲಿ ಆಕಾರ್ನ್ ಕಂಪ್ಯೂಟರಿಗೆಂದು ಬರೆದ ಪುಟ್ಟ ತಂತ್ರಾಂಶವೇ ಬೆಳೆದು ಈಗ ಕನ್ನಡವನ್ನೂ ಮಾತಾಡುತ್ತದೆ. ಅದರ ಕನ್ನಡ ರಾಯಚೂರಿನದೂ ಅಲ್ಲ, ಮೈಸೂರಿನದೂ ಅಲ್ಲ. ತಗಡಿನ ಡಬ್ಬಿಯೊಳಗೆ ಕೂತು ಮಾತಾಡಿದ ಹಾಗಿರುತ್ತದೆ. ಆದರೆ ಎಷ್ಟು ವೇಗ ಏರಿಸಿದರೂ ಅಕ್ಷರ ಮುಕ್ಕಾಗುವುದಿಲ್ಲ. ಸವಿಯಾದ ಧ್ವನಿಗಳು ಬೇಕಾದಷ್ಟು ಬಂದಿವೆ. ಕೆಲಸಕ್ಕೆ ಕೂತಾಗ ಮಾತ್ರ ನನಗೆ ಈ ಡಬ್ಬಿಯೇ ಬೇಕು.

ಪರದೆಯ ಮೇಲಿರುವುದನ್ನು ಹುಡುಕಿ ತೆಗೆದು ಆ ಧ್ವನಿಗೆ ಒಪ್ಪಿಸುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಅನ್ನುತ್ತಾರೆ. ಹೆಸರಾದದ್ದು ಜಾಸ್. ಮೋಟರ್‌ಸೈಕಲ್ ರೇಸ್ ಓಡಿಸುತ್ತಿದ್ದ ಅಮೆರಿಕದ ಟೆಡ್ ಹೆಂಟರ್ 1978ರಲ್ಲಿ ಕಾರು ಅಪಘಾತದಲ್ಲಿ ಕಣ್ಣು ಕಳಕೊಂಡರು. ಅವರ ಕಂಪನಿ 1989ರಲ್ಲಿ, ವಿಂಡೋಸ್‌ಗೆ ಮುಂಚೆ ಕಂಪ್ಯೂಟರುಗಳನ್ನು ನಡೆಸುತ್ತಿದ್ದ ಡಾಸ್‌ಗಾಗಿ ಜಾಸ್ ತಂದಿತು. ಅದರ ಬೆಲೆ ನಮ್ಮಂಥವರ ಸಂಬಳಕ್ಕೆ ನಿಲುಕುವಂಥದ್ದಲ್ಲ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ದೃಷ್ಟಿಹೀನ ತರುಣ ಎನ್‌ವಿಡಿಎ ಬರೆಯಲು ಶುರುಮಾಡಿದರು, ಅವರಂತೆಯೇ ಕಣ್ಣಿಲ್ಲದ ಗೆಳೆಯ ಜೇಮ್ಸ್ ಟೆ ಜೊತೆಗೂಡಿದರು. ಅದು ಪುಕ್ಕಟೆ, ಮೂಲ ಸಂಕೇತವೂ ತೆರೆದಿದೆ. ರಾಯಚೂರು ಜಿಲ್ಲೆಯ ಹುಡುಗನೊಬ್ಬ ಇವತ್ತು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡು ಆ ಸಂಜೆಯೇ ಓದಲು ಕೂರಬಹುದಾದರೆ ಅದು ಈ ಇಬ್ಬರ ಪುಣ್ಯ.

ಈಗ ಆಟಕ್ಕೆ ಬರೋಣ. ಡಾಸ್ ಕಾಲದ ಪರದೆಯಲ್ಲಿ ಅಡ್ಡಕ್ಕೆ 80 ಮನೆ, ಉದ್ದಕ್ಕೆ 25 ಸಾಲು, ಒಟ್ಟು 2000 ಮನೆ. ಪ್ರತಿ ಮನೆಗೆ ಎರಡು ಬೈಟು: ಒಂದರಲ್ಲಿ ಅಕ್ಷರ, ಇನ್ನೊಂದರಲ್ಲಿ ಅದರ ಬಣ್ಣ. ಈ 4000 ಬೈಟುಗಳು ಮೆಮರಿಯಲ್ಲಿ ಗೊತ್ತುಪಡಿಸಿದ ಒಂದೇ ಜಾಗದಲ್ಲಿ ಕೂತಿರುತ್ತಿದ್ದವು. ಸ್ಕ್ರೀನ್ ರೀಡರ್ ಅಲ್ಲಿಗೆ ಹೋಗಿ ನೇರವಾಗಿ ಎತ್ತಿಕೊಂಡರಾಯಿತು, ಯಾರನ್ನೂ ಕೇಳಬೇಕಿರಲಿಲ್ಲ. ಹಾಗಾಗಿ ವರ್ಡ್‌ಸ್ಟಾರ್ ಇರಲಿ, ಫಾಕ್ಸ್‌ಪ್ರೋದಲ್ಲಿ ಬರೆಸಿಕೊಂಡ ದಲಾಲಿ ಅಂಗಡಿಯ ಲೆಕ್ಕವಿರಲಿ, ಅಕ್ಷರದಲ್ಲಿ ನಡೆಯುವುದೆಲ್ಲ ಕಿವಿಗೆ ಸಿಗುತ್ತಿತ್ತು. ಬರೆದವರಿಗೆ ಕುರುಡರ ನೆನಪೇ ಇರಲಿಲ್ಲ, ಆದರೂ ಸಿಗುತ್ತಿತ್ತು. ಈ ಮಾತನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳಿ.

ವಿಲ್ ಕ್ರೌಥರ್ ಎಂಬ ಅಮೆರಿಕದ ಪ್ರೋಗ್ರಾಮರ್‌ಗೆ ಗವಿ ಹೊಕ್ಕು ಅಳೆಯುವ ಹುಚ್ಚು. ಕೆಂಟಕಿಯ ಮ್ಯಾಮತ್ ಗವಿಯನ್ನು ಮನಸ್ಸಿನಲ್ಲಿಟ್ಟುಕೊಂಡು 1970ರ ದಶಕದ ನಡುವೆ ಅಕ್ಷರದಲ್ಲೇ ನಡೆಯುವ ಒಂದು ಆಟ ಬರೆದ. 1977ರಲ್ಲಿ ಸ್ಟ್ಯಾನ್‌ಫರ್ಡ್‌ನ ಡಾನ್ ವುಡ್ಸ್ ಅದನ್ನು ಬೆಳೆಸಿದ. ಚಿತ್ರವಿಲ್ಲ, ಸದ್ದಿಲ್ಲ. ನೀವು ಎಲ್ಲಿ ನಿಂತಿದ್ದೀರಿ, ದಾರಿ ಯಾವ ಕಡೆಗಿದೆ ಎಂದು ಅದು ಬರೆದು ಹೇಳುತ್ತದೆ. ಉತ್ತರಕ್ಕೆ ಹೋಗು, ದೀಪ ಹಚ್ಚು ಎಂದು ನೀವು ಎರಡು ಪದದಲ್ಲಿ ಟೈಪ್ ಮಾಡುತ್ತೀರಿ. ದೀಪಕ್ಕೆ ಬ್ಯಾಟರಿ ಇಷ್ಟೇ ಎಂಬ ಲೆಕ್ಕ ಬೇರೆ. ಕತ್ತಲಲ್ಲಿ ಹೆಜ್ಜೆ ಇಟ್ಟರೆ ಗುಂಡಿಗೆ ಬೀಳುತ್ತೀರಿ. ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿ ಮಾಡಿದವರು ಯಾರಾದರೂ ಈ ಸಭೆಯಲ್ಲಿದ್ದರೆ, ಭೂಮಿಯ ಕೆಳಗೆ ತಲೆದೀಪದ ಬೆಲೆ ಏನೆಂದು ಅವರೇ ನಿಮಗೆ ಹೇಳಲಿ.

ಈ ಆಟದಲ್ಲಿ ಕಣ್ಣಿದ್ದವನಿಗೂ ಕಣ್ಣಿಲ್ಲದವನಿಗೂ ಸಿಗುವುದು ಅದೇ ನಾಲ್ಕು ವಾಕ್ಯ. ನಕ್ಷೆಯನ್ನು ಇಬ್ಬರೂ ತಲೆಯಲ್ಲೇ ಕಟ್ಟಬೇಕು. ನನ್ನ ಅನುಭವದಲ್ಲಿ ತಲೆಯಲ್ಲಿ ನಕ್ಷೆ ಕಟ್ಟುವ ಅಭ್ಯಾಸ ನಮಗೇ ಹೆಚ್ಚು. ಕಣ್ಣಿದ್ದ ಗೆಳೆಯರು ಮೂರನೆಯ ತಿರುವಿಗೇ ಕಾಗದ ಪೆನ್ನು ಕೇಳುತ್ತಾರೆ.

ಅದರ ಹಿಂದೆಯೇ ಎಂಐಟಿಯ ಹುಡುಗರ ಜೋರ್ಕ್ ಬಂತು, ಮುಂದೆ ಅದನ್ನು ಮಾರಿದ ಇನ್ಫೋಕಾಂ ಎಂಬ ಕಂಪನಿಯೂ ಹುಟ್ಟಿತು. ಆಗ ಒಂದೊಂದು ಕಂಪ್ಯೂಟರಿನದು ಒಂದೊಂದು ಜಾತಿ, ಒಂದಕ್ಕೆ ಬರೆದದ್ದು ಇನ್ನೊಂದರಲ್ಲಿ ಓಡದು. ಅವರು ಏನು ಮಾಡಿದರೆಂದರೆ, ಎಲ್ಲೂ ಇಲ್ಲದ ಒಂದು ಕಾಲ್ಪನಿಕ ಯಂತ್ರವನ್ನು ಊಹಿಸಿ, ಆಟವನ್ನೆಲ್ಲ ಅದಕ್ಕೆಂದೇ ಬರೆದರು. ಪ್ರತಿ ಜಾತಿಯ ಕಂಪ್ಯೂಟರಿಗೂ ಆ ಯಂತ್ರದಂತೆ ನಟಿಸುವ ಸಣ್ಣ ತಂತ್ರಾಂಶವೊಂದನ್ನು ಬರೆದರೆ ಸಾಕು, ಕಥೆಯ ಕಡತ ಮುಟ್ಟಬೇಕಿಲ್ಲ. ಕಂಪನಿ ಮುಚ್ಚಿ ಎಷ್ಟೋ ವರ್ಷವಾಯಿತು. ಅಭಿಮಾನಿಗಳು ಫ್ರಾಟ್ಜ್‌ನಂಥ ತಂತ್ರಾಂಶಗಳನ್ನು ಬರೆದು 1980ರ ಕಥೆಯನ್ನು ಇವತ್ತಿನ ವಿಂಡೋಸ್‌ನಲ್ಲಿ ತೆರೆಯುತ್ತಾರೆ. ಅಲ್ಲಿ ಬರುವುದು ನಿಜವಾದ ಅಕ್ಷರ, ಎನ್‌ವಿಡಿಎ ಓದುತ್ತದೆ. ಹಳೆಯದು ಹೀಗೆ ಉಳಿದದ್ದು ಕಂಪನಿಯ ವ್ಯಾಪಾರದ ಜಾಣತನದಿಂದ, ಕುರುಡರ ಮೇಲಿನ ಕರುಣೆಯಿಂದ ಅಲ್ಲ. ಕರುಣೆಗಿಂತ ಒಳ್ಳೆಯ ಕಟ್ಟಡ ಹೆಚ್ಚು ದಿನ ಬಾಳುತ್ತದೆ ಎಂಬುದು ನನ್ನ ಅಭಿಪ್ರಾಯ.

ವಿಂಡೋಸ್ ಬಂದ ಮೇಲೆ ಪರದೆ ಪೂರಾ ಚಿತ್ರವಾಯಿತು, 2000 ಮನೆಗಳ ಊರು ಹೋಯಿತು. ಸ್ಕ್ರೀನ್ ರೀಡರ್‌ಗಳು ಮೊದಮೊದಲು ಚಿತ್ರ ಬಿಡಿಸುವ ಆಜ್ಞೆಗಳನ್ನು ಕದ್ದು ಕೇಳಿ ಅಕ್ಷರ ಊಹಿಸುತ್ತಿದ್ದವು. 1997ರಿಂದ ಮೈಕ್ರೋಸಾಫ್ಟ್ ಒಂದು ನೇರ ದಾರಿ ಮಾಡಿತು, ಗುಂಡಿಯಾದರೆ ಗುಂಡಿ, ಪಟ್ಟಿಯಾದರೆ ಪಟ್ಟಿ ಎಂದು ತಂತ್ರಾಂಶವೇ ತಿಳಿಸಬಹುದು. ಆಟ ಬರೆಯುವವರು ಆ ದಾರಿಯನ್ನು ತುಳಿಯಲಿಲ್ಲ. ಅವರದು ತಮ್ಮದೇ ಬಣ್ಣ, ತಮ್ಮದೇ ಗುಂಡಿ.

ಇಲ್ಲೊಂದು ತಮಾಷೆ ಇದೆ. 64 ಬಿಟ್ ವಿಂಡೋಸ್ ಹಳೆಯ ಡಾಸ್ ಆಟಗಳನ್ನು ಓಡಿಸುವುದೇ ಇಲ್ಲ. ಅದಕ್ಕೆ ಜನ ಡಾಸ್‌ಬಾಕ್ಸ್ ಬಳಸುತ್ತಾರೆ. 2002ರಲ್ಲಿ ಬಂದದ್ದು, ಹಳೆಯ ಯಂತ್ರವನ್ನು ಚಾಚೂ ತಪ್ಪದೆ ಅನುಕರಿಸುತ್ತದೆ. ಎಷ್ಟು ನಿಷ್ಠೆ ಅಂದರೆ ಹಳೆಯ ಪರದೆಯ ಅಕ್ಷರವನ್ನೂ ಅದು ಚಿತ್ರವಾಗಿಯೇ ಬಿಡಿಸುತ್ತದೆ. ಅಂದು ಡಾಸ್‌ನಲ್ಲಿ ಕಿವಿಗೆ ಸಿಗುತ್ತಿದ್ದ ಅದೇ ಆಟ ಇಂದು ಡಾಸ್‌ಬಾಕ್ಸ್‌ನಲ್ಲಿ ಮೂಕ. ಬಗೆಹರಿಸಿದವರು ಕುರುಡರೇ: ಡಾಸ್‌ಬಾಕ್ಸ್‌ನ ಹೊಟ್ಟೆಯೊಳಗೆ ಡಾಸ್ ಕಾಲದ ಸ್ಕ್ರೀನ್ ರೀಡರನ್ನೂ ಓಡಿಸಿ, ಅದು ಹಿಂದೆ ಧ್ವನಿಪೆಟ್ಟಿಗೆಗೆ ಕಳಿಸುತ್ತಿದ್ದ ಅಕ್ಷರಗಳನ್ನು ಹೊರಗಿನ ವಿಂಡೋಸ್ ಧ್ವನಿಗೆ ತಿರುಗಿಸಿಬಿಟ್ಟರು. ಇನ್ನು ಚಿತ್ರವೇ ಆಗಿರುವ ಆಟಗಳಿಗೆ 2017ರಿಂದ ಎನ್‌ವಿಡಿಎಯಲ್ಲಿ ಇನ್ಸರ್ಟ್ ಜೊತೆ ಆರ್ ಒತ್ತಿದರೆ ಚಿತ್ರದೊಳಗಿನ ಅಕ್ಷರ ಗುರುತಿಸಿ ಓದುವ ಸೌಲಭ್ಯವಿದೆ. ಮೆನುವಿನ ಸಾಲುಗಳು ಸಿಗುತ್ತವೆ. ಯಾವ ಸಾಲಿನ ಮೇಲೆ ಬೆಳಕು ನಿಂತಿದೆ ಎಂಬುದು ಸಿಗುವುದಿಲ್ಲ. ಬಾಣದ ಕೀಲಿಯನ್ನು ಲೆಕ್ಕ ಹಾಕಿ ಒತ್ತಬೇಕು.

ಕಿವಿಗೆಂದೇ ಮಾಡಿದ ಆಟಗಳೂ ಇವೆ. 1997ರಲ್ಲಿ ಜಪಾನಿನ ಕೆಂಜಿ ಎನೊ ಆಟದ ಯಂತ್ರ ಸೆಗಾ ಸ್ಯಾಟರ್ನ್‌ಗೆಂದು ಚಿತ್ರವೇ ಇಲ್ಲದ, ಪೂರ್ತಿ ಸದ್ದಿನ ಆಟವೊಂದನ್ನು ಮಾಡಿದರು. ಅಂಥ ಆಟಗಳ ಗೋಳು ಬೇರೆ. ವಿಶುವಲ್ ಬೇಸಿಕ್ 6ರಲ್ಲಿ ಬರೆದವು ಬೇಡುವ ಡೈರೆಕ್ಟ್‌ಎಕ್ಸ್ 8ರ ತುಣುಕೊಂದನ್ನು ವಿಂಡೋಸ್ ವಿಸ್ತಾದಿಂದ ಈಚೆ ಮೈಕ್ರೋಸಾಫ್ಟ್ ಕೊಡುವುದು ನಿಲ್ಲಿಸಿತು, ಅದನ್ನು ನಾವೇ ಹುಡುಕಿ ತಂದು ಕೂರಿಸಬೇಕು.

ನೌಕರಿ ಇಲ್ಲದ ಕುರುಡು ಹುಡುಗರಿಗೆ ಆಟ ಯಾಕೆ, ಸಂಗೀತ ಕಲಿಯಬಾರದೇ ಎಂದು ಕೇಳುವವರಿದ್ದಾರೆ. ನಮ್ಮ ಭಾಗಕ್ಕೆ ಗದುಗಿನ ವೀರೇಶ್ವರ ಪುಣ್ಯಾಶ್ರಮ ದೊಡ್ಡದು; ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಎಷ್ಟೋ ಮನೆಗಳ ಕುರುಡು ಮಕ್ಕಳಿಗೆ ಬದುಕು ಕೊಟ್ಟರು. ಆದರೆ ಕಣ್ಣಿಲ್ಲದ ಕೂಸು ಹುಟ್ಟಿದರೆ ಹಾರ್ಮೋನಿಯಂ ಒಂದೇ ಗತಿ ಎಂದು ಅವರು ಹೇಳಿರಲಿಲ್ಲ, ಅದು ನಾವು ಹೇಳಿಕೊಂಡದ್ದು. ನನ್ನ ಸ್ವರಜ್ಞಾನ ಅಷ್ಟಕ್ಕಷ್ಟೇ. ಕೀಲಿಮಣೆಯ ಮೇಲೆ ನನ್ನ ಬೆರಳು ಓಡಿದ್ದು ಆ ಗವಿಯ ಆಟದಲ್ಲಿ, ದೀಪ ಆರುವ ಮುಂಚೆ ಟೈಪ್ ಮಾಡಬೇಕೆಂಬ ಅವಸರದಲ್ಲಿ. ತರಬೇತಿ ಕೇಂದ್ರದಲ್ಲಿ ಎ ಎಸ್ ಡಿ ಎಫ್ ಬಡಿದು ಯಾರಿಗೆ ಪ್ರೀತಿ ಹುಟ್ಟೀತು?

ಇಷ್ಟು ಹೊತ್ತು ಹೇಳಿದ್ದು ಇಂಗ್ಲಿಷಿನ ಕಥೆ. ಕನ್ನಡದ ಹಳೆಯ ತಂತ್ರಾಂಶಗಳ ಗತಿ ಏನು? ಇದಕ್ಕೇ ನಾನು ಈ ವೇದಿಕೆ ಹತ್ತಿದ್ದು.

ಡಾಸ್ ಕಾಲದಲ್ಲಿ ಕನ್ನಡ ತೋರಿಸಲು ಜಿಸ್ಟ್ ಕಾರ್ಡು ಎಂಬುದಿತ್ತು. ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದದ್ದು. ಅದು ಇಸ್ಕಿ ಎಂಬ ಸಂಕೇತದಲ್ಲಿ ಅಕ್ಷರಗಳನ್ನು ಉಚ್ಚಾರದ ಕ್ರಮದಲ್ಲೇ ಇಡುತ್ತಿತ್ತು: ಕ ಬರೆದರೆ ಕ, ಹಲಂತ ಬರೆದರೆ ಹಲಂತ. ಪರದೆಯ ಮೇಲೆ ಒತ್ತು ಹೇಗೆ ಕೂರಬೇಕೆಂಬುದು ಕಾರ್ಡಿನ ತಲೆನೋವು. 1991ರಲ್ಲಿ, ಎಲ್ಲ ಭಾಷೆಗಳಿಗೂ ಒಂದೇ ಸಂಕೇತದ ಪಟ್ಟಿಯಾಗಿ ಯೂನಿಕೋಡ್ ಬಂದಾಗ ಕನ್ನಡಕ್ಕೆ ಕೊಟ್ಟ 128 ಮನೆಗಳ ಜೋಡಣೆಗೂ ಈ ಇಸ್ಕಿಯೇ ಆಧಾರ.

ಅಷ್ಟರಲ್ಲಿ ಡಿಟಿಪಿ ಬಂತು, ಪುಟ ಜೋಡಿಸಲು ಪೇಜ್‌ಮೇಕರ್ ಬಂತು. ಪೇಜ್‌ಮೇಕರ್‌ಗೆ ಕನ್ನಡ ಗೊತ್ತಿಲ್ಲ. 2001ರ ಕೊನೆಯ ಆವೃತ್ತಿಗೂ ಯೂನಿಕೋಡ್ ತಿಳಿಯದು. ಅದಕ್ಕೆ ಗೊತ್ತಿದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಇನ್ನೂರು ಚಿಲ್ಲರೆ ಮನೆ. ಆ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದರು: ಇಲ್ಲೊಂದು ತಲೆಕಟ್ಟು, ಅಲ್ಲೊಂದು ಕೊಂಬು, ಇನ್ನೊಂದರಲ್ಲಿ ಒತ್ತು. ಆ ಕಾಲಕ್ಕೆ ಅದು ಅಪ್ಪಟ ಜಾಣತನ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ ನುಡಿಯ ಕೀಲಿಮಣೆಗೆ ನಾನು ಇಂದಿಗೂ ಋಣಿ. ಕ ಬೇಕಾದರೆ ಕೆ ಒತ್ತು, ಒತ್ತಕ್ಷರಕ್ಕೆ ಎಫ್ ಸೇರಿಸು, ಕಣ್ಣಿಲ್ಲದೆ ಕಲಿಯಲು ಇದಕ್ಕಿಂತ ಸುಲಭದ್ದಿಲ್ಲ. ಸಂಕಟ ಇದ್ದದ್ದು ಒತ್ತುವುದರಲ್ಲಲ್ಲ, ಒತ್ತಿದ ಮೇಲೆ ಕಡತದೊಳಗೆ ಹೋಗಿ ಕೂರುವುದರಲ್ಲಿ.

ಈ ಊರಿನ ಹೆಸರನ್ನೇ ತೆಗೆದುಕೊಳ್ಳಿ. ಹೀಗೆ ಇಂಗ್ಲಿಷಿನ ಮನೆಗಳಲ್ಲಿ ಕನ್ನಡ ಕೂರಿಸುವುದಕ್ಕೆ ಆಸ್ಕಿ ಅನ್ನುವುದು ರೂಢಿ; ಆ ಆಸ್ಕಿ ನುಡಿಯಲ್ಲಿ ಟೈಪಾದ "ಸಿಂಧನೂರು" ಮೇಲೆ ಬಾಣದ ಕೀಲಿ ಒತ್ತುತ್ತ ಹೋದರೆ ಸ್ಕ್ರೀನ್ ರೀಡರ್‌ಗೆ ಸಿಗುವುದು ಇದು: ಗಣಿತದಲ್ಲಿ ಘಾತ ಬರೆಯುವಂಥ ಮೇಲೆ ಕೂತ ಒಂದು, ದೊಡ್ಡ ಎ, ಝಡ್, ಎಸ್, ನೆತ್ತಿಯ ಮೇಲೆ ಓರೆಗೆರೆಯಿರುವ ಎ, ಇಂಗ್ಲೆಂಡಿನ ಪೌಂಡ್ ಚಿಹ್ನೆ, ಮತ್ತೆ ಓರೆಗೆರೆಯ ಎ, ಎ ಮತ್ತು ಇ ಅಂಟಿಕೊಂಡ ಅಕ್ಷರ, ಜಿ, ಮತ್ತೆ ಓರೆಗೆರೆಯ ಎ, ಕೊನೆಗೆ ಎರಡು ಚುಕ್ಕೆಯ ಎ. ಹನ್ನೊಂದು ಸಂಕೇತ. ಮೇಲೆ ಕೂತ ಒಂದು ಅಂದರೆ "ಸಿ". ದೊಡ್ಡ ಎ ಅಂದರೆ ಸೊನ್ನೆ. ಝಡ್ ಅಂದರೆ ದಕಾರದ ಮೈ, ಎಸ್ ಅಂದರೆ ಅದನ್ನು ಧಕಾರ ಮಾಡುವ ಕೆಳಗಿನ ಸೀಳು, ಓರೆಗೆರೆಯ ಎ ಅದರ ತಲೆಕಟ್ಟು. ಕಣ್ಣಿಗೆ ಮುದ್ದಾದ ಸಿಂಧನೂರು, ಕಿವಿಗೆ ಲಂಡನ್ನಿನ ಸಂತೆ. ಯೂನಿಕೋಡಿನಲ್ಲಿ ಅದೇ ಹೆಸರು ಎಂಟು ಸಂಕೇತ, ಎಂಟೂ ಕನ್ನಡ.

ಹೀಗೆ 1990ರ ದಶಕದಿಂದ ಈಚೆಗೆ ಕನ್ನಡದಲ್ಲಿ ಅಚ್ಚಾದ ಕವನ ಸಂಕಲನ, ಅಭಿನಂದನ ಗ್ರಂಥ, ತಾಲೂಕು ಸಮ್ಮೇಳನದ ಸ್ಮರಣ ಸಂಚಿಕೆ, ಕಚೇರಿಯ ಸುತ್ತೋಲೆ, ಪಿಎಚ್‌.ಡಿ. ಪ್ರಬಂಧ, ಇವುಗಳಲ್ಲಿ ಬಹುಪಾಲು ಆಕಾರದ ಕಡತಗಳು, ಅಕ್ಷರದ ಕಡತಗಳಲ್ಲ. ಅರ್ಧ ಶತಮಾನದ ಹಿಂದಿನ ಅಮೆರಿಕದ ಗವಿ ನನಗೆ ಪೂರ್ತಿ ಓದಲು ಸಿಗುತ್ತದೆ. ಪಕ್ಕದ ಓಣಿಯ ಕವಿಯ 2005ರ ಪುಸ್ತಕ, ಅವರೇ ಪ್ರೀತಿಯಿಂದ ಪೆನ್‌ಡ್ರೈವಿಗೆ ಹಾಕಿಕೊಟ್ಟರೂ, ಸಿಗುವುದಿಲ್ಲ. ಸರ್ಕಾರಿ ಕಚೇರಿಯೊಂದು ನನ್ನ ಅರ್ಜಿಗೆ ಇಮೇಲಿನಲ್ಲೇ ಉತ್ತರ ಕೊಟ್ಟಿತು. ಮೂರು ಪುಟ ಪೌಂಡು, ಓರೆಗೆರೆ. ಪಕ್ಕದ ಮನೆಯ ಹುಡುಗಿಯಿಂದ ಓದಿಸಿಕೊಂಡೆ. ಅರ್ಜಿ ತಿರಸ್ಕೃತವಾಗಿತ್ತು, ಅದು ಬೇರೆ ಮಾತು.

ಓದಲಾಗದ ಕಡತ ನಮ್ಮ ಸೀಮೆಗೆ ಹೊಸದಲ್ಲ, ಮಸ್ಕಿಯವರು ಇಲ್ಲಿದ್ದೀರಿ. 1915ರ ಜನವರಿಯಲ್ಲಿ ಚಿನ್ನ ಹುಡುಕಿಕೊಂಡು ಬಂದಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ನಿಮ್ಮೂರ ಬಂಡೆಯ ಮೇಲಿನ ಬರಹ ಬಿತ್ತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಕಲ್ಲಿನಲ್ಲಿ ಸಿಕ್ಕಿತು. ಈ ಕಥೆಯನ್ನು ಶಾಲೆಯಲ್ಲಿ ಎಲ್ಲರೂ ಕಲಿತಿದ್ದೇವೆ. ನನಗೆ ಕುತೂಹಲದ ಭಾಗ ಅದಕ್ಕೆ ಹಿಂದಿನದು. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಆ ಕಲ್ಲು ಅಲ್ಲೇ ಇತ್ತು, ದನ ಕಾಯುವವರು ಅದರ ಮೇಲೆ ಕೂತಿರಬೇಕು. ಕಡತ ಹಾಳಾಗಿರಲಿಲ್ಲ, ಸಂಕೇತದ ಪಟ್ಟಿ ಕಳೆದುಹೋಗಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಕಲ್ಲಿನ ಲಿಪಿಯಾದ ಬ್ರಾಹ್ಮಿಯ ಪಟ್ಟಿಯನ್ನು ಬಿಡಿಸಿಟ್ಟಿದ್ದರಿಂದ ಮಸ್ಕಿಯ ಕಲ್ಲು ಸಿಕ್ಕ ವರ್ಷವೇ ಮಾತಾಡಿತು. ನುಡಿಯ ಪಟ್ಟಿಯಂತೂ ಕಳೆದೇ ಇಲ್ಲ. ಟೈಪ್ ಮಾಡಿದವರು ಬದುಕಿದ್ದಾರೆ, ಡಿಟಿಪಿ ಅಂಗಡಿಗಳು ಬಸ್ ನಿಲ್ದಾಣದ ಎದುರಿಗೇ ಇವೆ. ನಾವು ಪ್ರಿನ್ಸೆಪ್‌ಗೆ ಕಾಯಬೇಕಿಲ್ಲ.

ನುಡಿ ಮತ್ತು ಬರಹದ ಆಸ್ಕಿ ಅಕ್ಷರಗಳಿಗೆ ಸಂಕೇತದ ಪಟ್ಟಿ ಒಂದೇ ಆಗಿರುವುದು ದೊಡ್ಡ ಅನುಕೂಲ, ಆಸ್ಕಿಯನ್ನು ಯೂನಿಕೋಡಿಗೆ ತಿರುಗಿಸುವ, ಅರವಿಂದ ವಿ.ಕೆ. ಅವರು ಬರೆದ ಪರಿವರ್ತಕದಂಥವು ಪುಕ್ಕಟೆ ಸಿಗುತ್ತವೆ. ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ ಪಟ್ಟಿ ಬೇರೆ, ಅದಕ್ಕೆ ಬೇರೆ ಪರಿವರ್ತಕ ಬೇಕು. ಕೆಲಸ ಗುಂಡಿ ಒತ್ತಿದಷ್ಟು ಸಲೀಸೂ ಅಲ್ಲ. "ಕರ್ಮ" ಎಂಬಲ್ಲಿ ಅರ್ಕಾವತ್ತು ಕಣ್ಣಿಗೆ ಮಕಾರದ ಬಲಕ್ಕೆ ಕಾಣುತ್ತದೆ, ಆಸ್ಕಿಯಲ್ಲೂ ಅದು ಮಕಾರದ ನಂತರವೇ ಕೂತಿರುತ್ತದೆ. ಪರಿವರ್ತಕ ಅದನ್ನು ಎತ್ತಿ ಮಕಾರದ ಹಿಂದಕ್ಕೆ ತಂದಿಡಬೇಕು. ಕನ್ನಡದ ನಡುವೆ ಇಂಗ್ಲಿಷ್ ಪದ ಬಂದರೆ ಇನ್ನೂ ಪೇಚು. ಪಿ ಅಕ್ಷರ ನಿಜವಾದ ಪಿಯೋ, ಕಕಾರದ ಮೈಯೋ ಎಂಬುದು ಫಾಂಟಿನ ಹೆಸರಿನಿಂದ ಮಾತ್ರ ತಿಳಿಯುತ್ತದೆ. ಬರೀ ಪಠ್ಯವನ್ನು ನಕಲು ಮಾಡಿ ಪರಿವರ್ತಕಕ್ಕೆ ಹಾಕಿದರೆ ಫಾಂಟು ಕಳಚಿಹೋಗಿ ಇಂಗ್ಲಿಷ್ ಪದಗಳೆಲ್ಲ ಕನ್ನಡದ ಹುಡಿಯಾಗುತ್ತವೆ. ಯಾರಾದರೂ ಕೂತು ತಿದ್ದಬೇಕು, ತಿದ್ದುವವರಿಗೆ ಕೂಲಿ ಕೊಡಬೇಕು.

ಯೂನಿಕೋಡಿನಲ್ಲೇ ಬರೆಯುವವರಿಗೂ ಒಂದು ಮಾತು. ಸೊನ್ನೆಯ ಜಾಗಕ್ಕೆ ಕನ್ನಡದ ಅಂಕಿ ಸೊನ್ನೆಯನ್ನು ಒತ್ತುವ ಚಾಳಿ ಬಹಳ ಜನಕ್ಕಿದೆ. ಕಣ್ಣಿಗೆ ಎರಡೂ ದುಂಡಗೆ, ಒಂದೇ. ಅನುಸ್ವಾರದ ಕಡೆ ಅಂಕಿ ಒತ್ತಿದರೆ ನನ್ನ ಕಿವಿಗೆ ಈ ಊರು "ಸಿ, ಸೊನ್ನೆ, ಧನೂರು" ಆಗುತ್ತದೆ; ಹುಡುಕಿದರೆ ಗೂಗಲ್ಲಿಗೂ ಸಿಗುವುದು ಅನುಮಾನ.

ಕಡತವೇ ಉಳಿಯದ ಪುಸ್ತಕಗಳಿಗೆ ಸ್ಕ್ಯಾನ್ ಮಾಡಿ ಅಕ್ಷರ ಗುರುತಿಸುವ ದಾರಿಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ಕನ್ನಡಕ್ಕೆ "ಲಿಪಿ ಗ್ನಾನಿ" ಕಟ್ಟಿದೆ, ಅದೇ ಕೆಲಸದ ತಂತ್ರಾಂಶ ಟೆಸೆರಾಕ್ಟ್‌ಗೂ ಕನ್ನಡ ಬರುತ್ತದೆ. ಬೆಂಗಳೂರಿನ ಮಿತ್ರಜ್ಯೋತಿ 1990ರಿಂದ ದೃಷ್ಟಿಹೀನರಿಗಾಗಿ ದುಡಿಯುತ್ತಿದೆ, ಅದರ ಮಾತಾಡುವ ಪುಸ್ತಕಗಳನ್ನು ಕೇಳಿಯೇ ಎಷ್ಟೋ ಮಂದಿ ಪರೀಕ್ಷೆ ಮುಗಿಸಿದ್ದಾರೆ. ಆದರೆ ಧ್ವನಿಮುದ್ರಣದಲ್ಲಿ ಕಾಗುಣಿತ ನೋಡಲಾಗುವುದಿಲ್ಲ, ಒಂದು ಪದ ಹುಡುಕಲಾಗುವುದಿಲ್ಲ. ಕಾನೂನಿನ ಭಯವೂ ಬೇಡ: 2012ರಲ್ಲಿ ತಿದ್ದುಪಡಿಯಾದ ನಮ್ಮ ಕೃತಿಸ್ವಾಮ್ಯ ಕಾಯ್ದೆ ಅಂಗವಿಕಲರು ಓದಬಲ್ಲ ರೂಪಕ್ಕೆ ಪುಸ್ತಕವನ್ನು ತರಲು ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಅಂತರರಾಷ್ಟ್ರೀಯ ಒಪ್ಪಂದವಾದ 2013ರ ಮರಾಕೆಶ್ ಒಪ್ಪಂದವನ್ನು ಮೊದಲು ಸ್ಥಿರೀಕರಿಸಿದ ದೇಶವೂ ನಮ್ಮದೇ, 2014ರಲ್ಲಿ.

ಈಗ ನಾನು ಕೇಳುವುದು ಎರಡೇ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಲೇಖಕರು, ಪ್ರಕಾಶಕರು ತಮ್ಮ ಪುಸ್ತಕ ಟೈಪಾದ ಅಂಗಡಿಗೆ ಹೋಗಿ ಹಳೆಯ ಹಾರ್ಡ್‌ಡಿಸ್ಕಿನಿಂದ ಪೇಜ್‌ಮೇಕರ್ ಕಡತ ತೆಗೆಸಿಕೊಳ್ಳಿ, ಬೇಗ. ಅಂಗಡಿಯವರು ಯಂತ್ರ ಬದಲಿಸಿದ ದಿನ ಅವು ಗುಜರಿಗೆ ಹೋಗುತ್ತವೆ. ಪಿಡಿಎಫ್ ಮಾತ್ರ ಕೊಟ್ಟರೆ ಸಾಲದು, ಮೂಲ ಕಡತವೂ ಬೇಕು, ಯಾವ ಫಾಂಟು ಎಂಬ ಚೀಟಿಯೂ ಬೇಕು. ಅಕ್ಕಿ ಗಿರಣಿಗಳ ಈ ಊರಿನಲ್ಲಿ ಒಂದು ದತ್ತಿಯ ಬಡ್ಡಿಯನ್ನು ತಿದ್ದುವವರ ಕೂಲಿಗೆ ಇಡುವವರು ಸಿಕ್ಕಾರು ಎಂಬುದು ನನ್ನ ಆಸೆ.

ಎರಡನೆಯದು ಹುಡುಗರಿಗೆ. ಲಿಂಗಸುಗೂರು ತಾಲೂಕಿನ ಮುದಗಲ್ 1406ರ ಒಂದು ಯುದ್ಧದ ಕಥೆಗೆ ಮೂಲವಾದ ಊರು: ಅಲ್ಲಿಯ ಅಕ್ಕಸಾಲಿಗನ ಮಗಳಿಗಾಗಿ ವಿಜಯನಗರದ ದೇವರಾಯನೂ ಬಹಮನಿಯ ಫಿರೋಜ್ ಷಾನೂ ಕಾದಾಡಿದರೆಂದು ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ಕೋಟೆ, ಹುಡುಗಿ, ಎರಡು ದಂಡು. ಅಕ್ಷರದ ಆಟಕ್ಕೆ ಇನ್ನೇನು ಬೇಕು? ಟ್ವೈನ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ಇಂಥ ಆಟವನ್ನು ಕನ್ನಡದಲ್ಲೇ ಕಟ್ಟಬಹುದು. ಹೊರಬರುವುದು ಬರೀ ವೆಬ್ ಪುಟವಾದ್ದರಿಂದ ಎನ್‌ವಿಡಿಎಯೂ ಓದುತ್ತದೆ, ಮೊಬೈಲಿನ ಟಾಕ್‌ಬ್ಯಾಕೂ ಓದುತ್ತದೆ. ಆ ಅಕ್ಕಸಾಲಿಗನ ಮಗಳು ರಾಜನಿಗೆ ಒಲ್ಲೆ ಎಂದಳಂತೆ. ಆಟದಲ್ಲಿ ಅವಳ ಕಡೆಯಿಂದಲೇ ಕಥೆ ನಡೆಸಿ, ಯಾವ ಬಾಗಿಲಿಂದ ತಪ್ಪಿಸಿಕೊಳ್ಳಬೇಕೆಂಬುದನ್ನು ಆಡುವವರಿಗೆ ಬಿಡಿ.

ಈ ಉಪನ್ಯಾಸ ಅಚ್ಚಿಗೆ ಹೋಗುವಾಗ ಪ್ರೆಸ್ಸಿನವರು ಇದನ್ನು ಮತ್ತೆ ಆಸ್ಕಿಗೆ ತಿರುಗಿಸುತ್ತಾರೆ, ನನಗೆ ಗೊತ್ತು. ಅವರ ಹತ್ತಿರ ಇರುವುದು ಪೇಜ್‌ಮೇಕರ್. ಯೂನಿಕೋಡ್ ಪ್ರತಿಯನ್ನು ಸಂಘಟಕರಿಗೆ ಕೊಟ್ಟಿದ್ದೇನೆ, ಕೇಳಿದವರಿಗೆ ಅದನ್ನೇ ಕಳಿಸಲು ಒಪ್ಪಿದ್ದಾರೆ. ಗವಿಯ ಆಟ ಪೆನ್‌ಡ್ರೈವಿನಲ್ಲಿದೆ, ಊಟದ ಹೊತ್ತಿಗೆ ಬಂದು ಹಾಕಿಸಿಕೊಳ್ಳಿ. ಕಾಗದ ಪೆನ್ನು ತರಬೇಡಿ.